ತೆರಿಗೆ ಲೆಕ್ಕ ಬರೆಯುವವರ ಲೆಕ್ಕ

ಬೆಳಗೊಳದ ಸುತ್ತಮುತ್ತ ನನ್ನನ್ನು ಎಲ್ಲರೂ ಕರೆಯುವುದು ‘ಆಡಿಟ್ರು’ ಎಂದೇ. ನಾನು ಆಡಿಟರ್ ಅಲ್ಲ. ಲೆಕ್ಕಪರಿಶೋಧಕರ ಪರೀಕ್ಷೆ ಪಾಸು ಮಾಡಿದವನಲ್ಲ. ಮೊದಲು ಮಾರಾಟ ತೆರಿಗೆ, 2005ರ ಏಪ್ರಿಲ್ 1ರಿಂದ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ, ಇವುಗಳ ಜೊತೆಗೆ ಆದಾಯ ತೆರಿಗೆ: ಇವುಗಳ ಲೆಕ್ಕಪತ್ರ ಸಿದ್ಧಪಡಿಸಿ ಸಲ್ಲಿಸಿಕೊಡುವ ತೆರಿಗೆ ಸಲಹೆಗಾರ. ಆದರೆ ನಮ್ಮ ಕಡೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವವರೆಲ್ಲರೂ ಆಡಿಟರೇ. ತಿದ್ದುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಬೆಳಗೊಳವನ್ನು ಬಲ್ಲವರಿಗೆ ಅದರ ಇಬ್ಬಂದಿತನವೂ ಗೊತ್ತಿರುತ್ತದೆ. ತಾಲ್ಲೂಕು ಶ್ರೀರಂಗಪಟ್ಟಣ, ಜಿಲ್ಲೆ ಮಂಡ್ಯ. ಆದರೆ ಸಂಬಂಧವೆಲ್ಲ ಮೈಸೂರಿನೊಂದಿಗೆ. ಮೈಸೂರು ಕುಡಿಯುವ ನೀರಿನಲ್ಲಿ ಒಂದು ಪಾಲು ಇಲ್ಲಿಂದಲೇ ಪಂಪ್ ಆಗಿ ಹೋಗುತ್ತದೆ. ಒಂದು ಕಡೆ ಕನ್ನಂಬಾಡಿಯ ನೀರುಂಡ ಕಬ್ಬು ಮತ್ತು ಭತ್ತದ ಗದ್ದೆ. ಇನ್ನೊಂದು ಕಡೆ ಲೇತ್ ಯಂತ್ರಗಳ ಸದ್ದಿನ ಕೈಗಾರಿಕಾ ಪ್ರದೇಶ. ಒಂದು ಕಾಲದಲ್ಲಿ ಊರಿಗೆ ಹೆಸರು ತಂದಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಬಾಗಿಲು ಮುಚ್ಚಿದೆ. ಹೀಗಾಗಿ ನಮ್ಮ ಕಚೇರಿಯ ಬೆಂಚಿನ ಮೇಲೆ ಒಂದೇ ಬೆಳಗ್ಗೆ ಆಲೆಮನೆಯ ಯಜಮಾನರು, ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೋದ್ಯಮಿ, ಬೇಕರಿಯವರು, ಮೈಸೂರಿನ ಕಾರ್ಖಾನೆಯೊಂದರಿಂದ ನಿವೃತ್ತರಾದ ಫಿಟ್ಟರ್ ಅಕ್ಕಪಕ್ಕ ಕುಳಿತಿರುತ್ತಾರೆ.

ತೆರಿಗೆ ಕಚೇರಿಯ ಕೆಲಸವೆಂದರೆ ಕೂಡುವುದು ಕಳೆಯುವುದು ಎಂದು ಹೊರಗಿನವರ ಭಾವನೆ. ಕೂಡಿ ಕಳೆಯುವ ಕೆಲಸವನ್ನು ಟ್ಯಾಲಿ ತಂತ್ರಾಂಶ ಎಂದೋ ವಹಿಸಿಕೊಂಡಿದೆ. ನಾವು ದಿನವಿಡೀ ಮಾಡುವುದು ಓದಿ ಹೇಳುವ ಕೆಲಸ. ಸರ್ಕಾರ ಬರೆದದ್ದನ್ನು ಜನರಿಗೆ ತಿಳಿಯುವಂತೆ ಹೇಳುವುದು. ಜನ ಹೇಳಿದ್ದನ್ನು ಸರ್ಕಾರದ ಯಂತ್ರಕ್ಕೆ ತಿಳಿಯುವಂತೆ ಬರೆಯುವುದು. ಈ ಕೆಲಸ ವಾಸ್ತವವಾಗಿ ಸರ್ಕಾರದ್ದು. ತನ್ನ ಗುಮಾಸ್ತರು ಮಾಡುತ್ತಿದ್ದುದನ್ನು ಅದು ಒಂದೊಂದಾಗಿ ಪ್ರಜೆಯ ಹೆಗಲಿಗೆ ದಾಟಿಸಿದೆ. ಪ್ರಜೆ ತನ್ನ ಕೈಲಾಗದೆ ಅದನ್ನು ತಂದು ನಮ್ಮ ಮೇಜಿನ ಮೇಲಿಟ್ಟಿದ್ದಾನೆ.

ನಮ್ಮಲ್ಲಿ ಮೂವರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಮೂವರೂ ಬಿ.ಕಾಂ. ಪದವೀಧರರು, ಒಬ್ಬಳು ಪಾಂಡವಪುರದ ಕಡೆಯಿಂದ ಬರುತ್ತಾಳೆ. ಅವರ ದಿನದಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ವಾಕ್ಯ ಯಾವುದೆಂದು ಲೆಕ್ಕ ಹಾಕಿದರೆ ಅದು ‘ಓಟಿಪಿ ಬಂತಾ ಅಣ್ಣಾ?’ ಎಂಬುದೇ ಇರಬೇಕು. ರಿಟರ್ನ್ ಸಿದ್ಧವಿರುತ್ತದೆ, ತೆರಿಗೆ ಕಟ್ಟಿರುತ್ತದೆ; ಆರು ಅಂಕಿಗಳು ಬಾರದೆ ಅದು ಮುಂದಕ್ಕೆ ಹೋಗದು. ಆ ಕಡೆಯಿಂದ, ‘ಮೊಬೈಲು ಮಗನ ತಾವದೆ ಕಣವ್ವ, ಅವ್ನು ಬೆಂಗ್ಳೂರಲ್ಲವ್ನೆ’ ಎಂಬ ಉತ್ತರ. ಮಗನಿಗೆ ಕರೆ ಮಾಡಿದರೆ ಅವನು ಮೀಟಿಂಗಿನಲ್ಲಿ. ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತದೆ. ಆಧಾರ್‌ಗೆ ಕೊಟ್ಟ ಸಂಖ್ಯೆ ಒಂದು, ಬ್ಯಾಂಕಿಗೆ ಕೊಟ್ಟದ್ದು ಇನ್ನೊಂದು, ಈಗ ಕೈಯಲ್ಲಿರುವುದು ಮತ್ತೊಂದು. ಅಪರಿಚಿತರಿಗೆ ಓಟಿಪಿ ಹೇಳಬೇಡಿ ಎಂದು ಸರ್ಕಾರವೇ ದಿನಕ್ಕೆ ಹತ್ತು ಬಾರಿ ಎಚ್ಚರಿಸುತ್ತದೆ. ಅದೇ ಸರ್ಕಾರದ ಲೆಕ್ಕ ಒಪ್ಪಿಸಲು ಅದನ್ನು ನಮ್ಮ ಹುಡುಗಿಯರಿಗೆ ಹೇಳಲೇಬೇಕು. ವಯಸ್ಸಾದವರು ಅನುಮಾನಿಸಿದರೆ ತಪ್ಪೇನು?

ಕಾಗದಗಳು ಬರುವ ಬಗೆಯೂ ವಿಚಿತ್ರ. ವರ್ಷದ ಖರೀದಿ ಬಿಲ್ಲುಗಳು ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಪೆಟ್ರೋಲ್ ಬಂಕಿನ ಚೀಟಿಗಳು ಶಾಖದಿಂದ ಅಚ್ಚಾಗುವಂಥವು. ನಾಲ್ಕು ತಿಂಗಳು ಚೀಲದಲ್ಲಿದ್ದು ಹೊರಬರುವ ಹೊತ್ತಿಗೆ ಬರೀ ಬಿಳಿ ಹಾಳೆ. ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಮೊಬೈಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಅಂಕಿ ಹುಡುಕುವುದರಲ್ಲಿ ನಮ್ಮ ಹುಡುಗಿಯರು ಪರಿಣತರು. ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಪಠ್ಯವಿಲ್ಲ. ಅವರಿಗೆ ಸಿಗುವ ಸಂಬಳ ಮೈಸೂರಿನ ದೊಡ್ಡ ಬಟ್ಟೆ ಅಂಗಡಿಯಲ್ಲಿ ನಿಲ್ಲುವವರ ಸಂಬಳಕ್ಕಿಂತ ಬಹಳವೇನೂ ಹೆಚ್ಚಿಲ್ಲ. ಹೆಚ್ಚಿಸೋಣವೆಂದರೆ ನಮ್ಮ ಶುಲ್ಕ ಹೆಚ್ಚಬೇಕು. ಶುಲ್ಕ ಕೇಳಿದರೆ, ‘ಬರೀ ಬಟನ್ ಒತ್ತೋದಕ್ಕೆ ಇಷ್ಟಾ ಸ್ವಾಮಿ?’ ಎಂಬ ಪ್ರಶ್ನೆ ಬರುತ್ತದೆ. ಕೆಲವರು ಸಂಕ್ರಾಂತಿಗೆ ಒಂದು ಬುಟ್ಟಿ ಅವರೆಕಾಯಿ, ನಾಲ್ಕು ಅಚ್ಚು ಬೆಲ್ಲ ತಂದುಕೊಟ್ಟು ಲೆಕ್ಕ ಚುಕ್ತಾ ಆಯಿತೆಂದು ಭಾವಿಸುತ್ತಾರೆ.

ನಮಗೆ ತಿಂಗಳೆಂದರೆ ತಾರೀಖುಗಳ ಸಾಲು. ಏಳಕ್ಕೆ ಮೂಲದಲ್ಲಿ ಕಡಿತಗೊಳಿಸಿದ ತೆರಿಗೆ ಕಟ್ಟಬೇಕು, ಹನ್ನೊಂದಕ್ಕೆ ಮಾರಾಟದ ವಿವರ, ಇಪ್ಪತ್ತಕ್ಕೆ ಜಿಎಸ್‌ಟಿ ಪಾವತಿ. ಇವುಗಳ ನಡುವೆ ಮದುವೆ, ಹಬ್ಬ, ಸಾವು, ಹೆರಿಗೆಗಳನ್ನು ಹೊಂದಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಬರುವ ಆದಾಯ ತೆರಿಗೆಯ ಗಡುವು ಬೇರೆ. ಅದನ್ನು 2025ರಲ್ಲಿ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಲಾಯಿತು. ಕೊನೆಯ ದಿನ ಜಾಲತಾಣ ಜಗ್ಗಾಡಿದ್ದರಿಂದ ನಡುರಾತ್ರಿಯ ಹೊತ್ತಿಗೆ ಇನ್ನೊಂದು ದಿನ ಸೇರಿಸಲಾಯಿತು. ಇದೇನೂ ಹೊಸತಲ್ಲ. 2021ರ ಜೂನ್‌ನಲ್ಲಿ ಆರಂಭವಾದ ಹೊಸ ಜಾಲತಾಣದ ತೊಂದರೆಗಳ ಬಗ್ಗೆ, ಅದನ್ನು ರೂಪಿಸಿದ ಕಂಪನಿಯ ಮುಖ್ಯಸ್ಥರನ್ನು ಹಣಕಾಸು ಸಚಿವಾಲಯವೇ ಆಗಸ್ಟ್‌ನಲ್ಲಿ ಕರೆಸಿ ವಿವರಣೆ ಕೇಳಿತ್ತು. ಯಂತ್ರ ನಿಂತರೆ ಗಡುವು ಮುಂದಕ್ಕೆ ಹೋಗುತ್ತದೆ; ಲೆಕ್ಕ ಬರೆಯುವವಳಿಗೆ ಜ್ವರ ಬಂದರೆ ಹೋಗುವುದಿಲ್ಲ. ಜಿಎಸ್‌ಟಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ. ವ್ಯವಹಾರವೇ ಇಲ್ಲದಿದ್ದರೂ 20 ರೂಪಾಯಿ.

ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳುವವರ ಪೈಕಿ ನಾನಲ್ಲ. ಮಾರಾಟ ತೆರಿಗೆಯ ಕಾಲದಲ್ಲಿ ‘ಸಿ’ ಫಾರಂಗಾಗಿ ಕಚೇರಿಯ ಮೊಗಸಾಲೆಯಲ್ಲಿ ದಿನಗಟ್ಟಲೆ ನಿಂತವರು, ತನಿಖಾ ಠಾಣೆಗಳಲ್ಲಿ ಲಾರಿ ನಿಲ್ಲಿಸಿಕೊಂಡು ರಾತ್ರಿ ಕಳೆದವರು, ಲಕೋಟೆಯಿಲ್ಲದೆ ಕಡತ ಚಲಿಸದು ಎಂಬುದನ್ನು ಬಲ್ಲವರು ಯಾರೂ ಆ ದಿನಗಳನ್ನು ಮರಳಿ ಬಯಸಲಾರರು. ಆದಾಯ ತೆರಿಗೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಆರಂಭವಾಗಿ 2020ರ ಆಗಸ್ಟ್‌ನಲ್ಲಿ ವಿಸ್ತಾರಗೊಂಡ ಮುಖಾಮುಖಿಯಿಲ್ಲದ ತೆರಿಗೆ ನಿರ್ಧರಣೆ ಆ ಮಟ್ಟಿಗೆ ಒಳ್ಳೆಯದನ್ನೇ ಮಾಡಿದೆ. ಆದರೆ ಮುಖ ಕಾಣದಿದ್ದರೆ ಲಂಚ ಕೇಳುವವನು ಕಾಣದಂತೆಯೇ ಕಷ್ಟ ಕೇಳುವವನೂ ಕಾಣುವುದಿಲ್ಲ. ‘ಸಾರ್, ಆ ಹಣ ಮಗಳ ಮದುವೆಗೆ ಭಾವಮೈದ ಕೊಟ್ಟ ಕೈಸಾಲ’ ಎಂಬುದನ್ನು ಹಿಂದೆ ಅಧಿಕಾರಿಯ ಎದುರು ಹೇಳಬಹುದಿತ್ತು. ಈಗ ಅದನ್ನು ಪಿಡಿಎಫ್ ಮಾಡಿ ಏರಿಸಬೇಕು. ಕೈಸಾಲಕ್ಕೆ ಪಿಡಿಎಫ್ ಎಲ್ಲಿಂದ ತರುವುದು?

‘ಕಡತ’ ಎಂಬ ಮಾತು ಬಂತು. ಇಂದು ಸರ್ಕಾರಿ ಫೈಲಿಗೆ ಬಳಸುವ ಈ ಪದ ಮೂಲದಲ್ಲಿ, ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ, ಮಡಚಿಡುವ ಬಟ್ಟೆಯ ಪುಸ್ತಕದ್ದು. ವರ್ತಕರೂ ಶಾನುಭೋಗರೂ ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಶ್ರೀರಂಗಪಟ್ಟಣದ ಹೈದರ್ ಮತ್ತು ಟಿಪ್ಪು ಆಡಳಿತದಲ್ಲಿ ಹಣಕಾಸು ನೋಡಿಕೊಂಡ, ಮುಂದೆ ಮೈಸೂರಿನ ದಿವಾನರಾದ ಪೂರ್ಣಯ್ಯನವರೂ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೇ ಮೇಲೆ ಬಂದವರು. ಊರೂರಿನ ಶಾನುಭೋಗಿಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯವಾಗಿ ಉಳಿಯಲಿಲ್ಲ. ರದ್ದಾದದ್ದು ಸರಿಯೇ. ಶಾನುಭೋಗನ ಬಲ ಅವನ ಜಾಣ್ಮೆಯಲ್ಲಿ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ ಊರಿನಲ್ಲಿ ಉಳಿದವರಿಗೆ ಕಡತ ಓದಲು ಬಾರದಿದ್ದುದರಲ್ಲಿತ್ತು. ಅವನು ಹೇಳಿದ್ದೇ ಕಂದಾಯ, ಬರೆದದ್ದೇ ಬಾಕಿ.

ಇಂದು ನಮ್ಮಂಥವರು ಕುಳಿತಿರುವುದು ಹೆಚ್ಚುಕಡಿಮೆ ಆ ಜಾಗದಲ್ಲೇ. ತೆರಿಗೆ ನೋಟಿಸುಗಳು ಬಹುಪಾಲು ಇಂಗ್ಲಿಷಿನಲ್ಲಿ ಬರುತ್ತವೆ. ಅದೂ ಇಂಗ್ಲಿಷ್ ಬಲ್ಲವರಿಗೂ ಒಂದೇ ಓದಿಗೆ ದಕ್ಕದ ಇಂಗ್ಲಿಷ್. ಹತ್ತನೇ ತರಗತಿ ಓದಿದ ಬೇಕರಿ ಮಾಲೀಕರಿಗೆ ಅದರಲ್ಲಿ ಅರ್ಥವಾಗುವುದು ತಮ್ಮ ಹೆಸರು ಮತ್ತು ಕೊನೆಯಲ್ಲಿರುವ ಮೊತ್ತ, ಎರಡೇ. ನಾವು ಹೇಳಿದ್ದೇ ಅದರ ಅರ್ಥ. ಈ ಬಲವನ್ನು ದುರುಪಯೋಗ ಮಾಡಿಕೊಳ್ಳುವವರು ಇದ್ದಾರೆ. ಕಾರ್ಖಾನೆಗಳ ನೌಕರರನ್ನು ಹಿಡಿದು, ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ, ಕಟ್ಟದ ವಿಮೆ ತೋರಿಸಿ ತೆರಿಗೆ ವಾಪಸು ಕೊಡಿಸಿ, ಬಂದದ್ದರಲ್ಲಿ ಪಾಲು ತೆಗೆದುಕೊಳ್ಳುವ ಮಧ್ಯವರ್ತಿಗಳ ಜಾಲ ದೇಶದಾದ್ಯಂತ ಹಬ್ಬಿತ್ತು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ 150 ಕಡೆ ಶೋಧಿಸಿತು. ಮಧ್ಯವರ್ತಿ ಫೋನ್ ಸಂಖ್ಯೆ ಬದಲಿಸಿ ಮಾಯವಾಗುತ್ತಾನೆ. ದಂಡ ಮತ್ತು ಬಡ್ಡಿಯ ನೋಟಿಸು ಮಾತ್ರ ನೌಕರನ ಹೆಸರಿಗೇ ಬರುತ್ತದೆ, ಏಕೆಂದರೆ ಓಟಿಪಿ ಹೇಳಿದವನು ಅವನೇ.

ಅದೇ ಜುಲೈ ತಿಂಗಳು ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಮರೆಯಲಾರದ್ದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ 2024–25ರವರೆಗಿನ ಯುಪಿಐ ಪಾವತಿಗಳ ಮಾಹಿತಿ ಪಡೆದು, ಸರಕು ಮಾರುವವರಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಲ್ಲಿ 20 ಲಕ್ಷ ರೂಪಾಯಿ ಮೀರಿಯೂ ನೋಂದಣಿ ಮಾಡಿಸದವರಿಗೆ ನೋಟಿಸು ಕಳುಹಿಸಿತು. ಮಿತಿಯೇನೋ ಕಾನೂನಿನಲ್ಲಿ ಇರುವುದೇ. ಆದರೆ ಕ್ಯೂಆರ್ ಸಂಕೇತಕ್ಕೆ ಬಂದ ಹಣವೆಲ್ಲ ಮಾರಾಟದ ಹಣವೇ? ಅಣ್ಣ ಕಳುಹಿಸಿದ ಸಾಲ, ಚೀಟಿ ಹಣ, ಬಾಡಿಗೆ ಎಲ್ಲವೂ ಅದೇ ಖಾತೆಗೆ ಬೀಳುತ್ತವೆ. ಮಾರಾಟವೇ ಆದರೂ ಎಲ್ಲಕ್ಕೂ ತೆರಿಗೆಯುಂಟೇ? ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆಯ ನೋಟಿಸು ಬಂದದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ನಡೆಸಿದರೂ ನೋಂದಣಿ ಬೇಕಿಲ್ಲ ಎಂದು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ.

ಆ ವಾರಗಳಲ್ಲಿ ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಇಳಿದವು. ‘ನಗದು ಮಾತ್ರ’ ಎಂಬ ಕೈಬರಹದ ಚೀಟಿಗಳು ಏರಿದವು. ನೋಟಿಸು ಬಾರದವರೂ ನಮ್ಮಲ್ಲಿಗೆ ಓಡಿ ಬಂದರು. ಎಳನೀರು ಮಾರುವವರು, ಹೂವಿನವರು, ನಂದಿನಿ ಹಾಲಿನ ಬೂತಿನವರು. ‘ಫೋನ್‌ಪೇ ತೆಗೆದು ಹಾಕ್ಬಿಡ್ಲಾ ಸ್ವಾಮಿ?’ ಎಂಬುದೊಂದೇ ಪ್ರಶ್ನೆ. ಅವರಿಗೆ ನಾವು ಹೇಳಿದ್ದು ಇಷ್ಟು: ಏನು ಮಾರುತ್ತೀರಿ ಎಂಬುದರ ಖರೀದಿ ಚೀಟಿ ಇಟ್ಟುಕೊಳ್ಳಿ, ತೆರಿಗೆಯುಳ್ಳ ಸರಕು ಮಾರುವವರು 1.5 ಕೋಟಿ ರೂಪಾಯಿವರೆಗೆ ರಾಜಿ ತೆರಿಗೆ ಯೋಜನೆಗೆ ಸೇರಿ ಶೇ 1ರಷ್ಟು ಕಟ್ಟಬಹುದು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ನೋಟಿಸಿನ ಬೆನ್ನಿಗೆ ಹಚ್ಚಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು. ವ್ಯಾಪಾರಿಗಳು ಜುಲೈ 25ರಂದು ಬಂದ್‌ಗೆ ಸಿದ್ಧರಾದರು; 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರೊಂದಿಗೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಇಲ್ಲ, ಮುಂದೆ ನೋಂದಣಿ ಕಡ್ಡಾಯ ಎಂದ ಮೇಲೆ ಬಂದ್ ಕೈಬಿಡಲಾಯಿತು. ಆದರೆ ಆ ‘ನಗದು ಮಾತ್ರ’ ಚೀಟಿ ಹಚ್ಚಿದ ಕೈಗೆ ಸರ್ಕಾರದ ಮೇಲಿನ ನಂಬಿಕೆ ಅಷ್ಟು ಬೇಗ ಮರಳುವುದಿಲ್ಲ.

ಕೈಗಾರಿಕಾ ಪ್ರದೇಶದವರ ಪಾಡು ಬೇರೆ. ಅವರಿಗೆ ನೋಟಿಸಿನ ಭಯವಿಲ್ಲ, ನೋಂದಣಿಯಿದೆ, ಲೆಕ್ಕವಿದೆ. ಇಲ್ಲದಿರುವುದು ಹಣ. ದೊಡ್ಡ ಕಂಪನಿಗೆ ಒಂದು ಲಕ್ಷ ರೂಪಾಯಿಯ ಬಿಡಿಭಾಗ ಕೊಟ್ಟು ಬಿಲ್ಲು ಬರೆದರೆ ಶೇ 18ರಂತೆ 18 ಸಾವಿರ ತೆರಿಗೆ. ಮುಂದಿನ ತಿಂಗಳ 20ಕ್ಕೆ, ತ್ರೈಮಾಸಿಕ ಯೋಜನೆಯಲ್ಲಿದ್ದರೆ 25ಕ್ಕೆ, ಆ ತೆರಿಗೆ ಸರ್ಕಾರಕ್ಕೆ ಸೇರಬೇಕು. ಕಂಪನಿಯಿಂದ ಹಣ ಬರುವುದು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ. ಬಾರದ ಹಣದ ಮೇಲಿನ ತೆರಿಗೆಯನ್ನು ಹೆಂಡತಿಯ ಒಡವೆ ಅಡವಿಟ್ಟು ಕಟ್ಟಿದವರನ್ನು ಕಂಡಿದ್ದೇನೆ. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ಕೊಡದಿದ್ದರೆ ಖರೀದಿದಾರರಿಗೆ ಆ ವರ್ಷ ಅದನ್ನು ವೆಚ್ಚವಾಗಿ ತೋರಿಸಲು ಬಾರದು ಎಂಬ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ. ಕಾಗದದ ಮೇಲೆ ಚೆನ್ನಾಗಿದೆ. ಒಂದೇ ಕಂಪನಿಯನ್ನು ನಂಬಿ ಲೇತ್ ತಿರುಗಿಸುವವನು ಆ ಕಂಪನಿಯ ಮೇಲೆ ದೂರು ಕೊಡುವನೇ?

ಇನ್ನು ರೈತರ ಲೆಕ್ಕ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ನಮ್ಮ ಬಾಗಿಲಿಗೆ ಅವರು ಬರುತ್ತಾರೆ, ಏಕೆಂದರೆ ಸಾಲಕ್ಕೆ ಹೋದರೆ ಬ್ಯಾಂಕಿನವರು ‘ಮೂರು ವರ್ಷದ ಐಟಿ’ ಕೇಳುತ್ತಾರೆ. ಪಹಣಿ, ಕಾರ್ಖಾನೆಯ ಕಬ್ಬಿನ ತೂಕದ ಚೀಟಿ, ಎಪಿಎಂಸಿ ರಸೀದಿ ಇಟ್ಟುಕೊಂಡಿದ್ದರೆ ಕೆಲಸ ಸುಲಭ. ಆಲೆಮನೆಯವರ ವಿಷಯಕ್ಕೆ ಬಂದಾಗ ಪ್ರಶ್ನೆ ಗಹನವಾಗುತ್ತದೆ. ಕಬ್ಬು ಕೃಷಿ ಉತ್ಪನ್ನ, ಬೆಲ್ಲ? ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಯೋಗ್ಯವಾಗಿಸಲು ರೈತ ಸಾಮಾನ್ಯವಾಗಿ ಅನುಸರಿಸುವ ಪ್ರಕ್ರಿಯೆ ಮಾತ್ರ ಕೃಷಿ ಎಂದು ಕಾನೂನು ಹೇಳುತ್ತದೆ. ಕಬ್ಬಿಗೇ ಮಾರುಕಟ್ಟೆ ಇತ್ತೇ ಇಲ್ಲವೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತ ಬಂದಿವೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ನಿಂತುಹೋಗಿದ್ದ ಕಾಲದಲ್ಲಿ ಗಾಣಕ್ಕೆ ಹಾಕದೆ ಗತಿಯಿಲ್ಲದ ರೈತನ ಬೆಲ್ಲ ಒಂದು ಬಗೆ; 2020ರಲ್ಲಿ ಅದು ಖಾಸಗಿಯವರಿಗೆ ಗುತ್ತಿಗೆಗೆ ಹೋಗಿ ಮತ್ತೆ ಅರೆಯತೊಡಗಿದ ಮೇಲೆ ಅದೇ ರೈತನ, ಅದೇ ಗದ್ದೆಯ ಬೆಲ್ಲ ಇನ್ನೊಂದು ಬಗೆ ಎಂದು ವಾದಿಸಬಹುದು. ಸಾಲದೆಂಬಂತೆ, ಬಿಡಿಯಾಗಿ ಮಾರಿದರೆ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ, ತೂಗಿ ಕಟ್ಟಿ ಚೀಟಿ ಅಂಟಿಸಿದ ಪೊಟ್ಟಣಕ್ಕೆ ಶೇ 5. ಮೈಸೂರಿನ ಅಂಗಡಿಗೆ ಚೊಕ್ಕವಾಗಿ ಕಟ್ಟಿ ಕೊಡೋಣವೆಂದು ಹೊರಟ ಹುಡುಗರು ಆ ಚೀಟಿಯ ಅಂಟಿಗೆ ತಾವೇ ಸಿಕ್ಕಿಕೊಂಡರು.

ಎಲ್ಲಕ್ಕಿಂತ ಹೆಚ್ಚು ಹಣ, ಹೆಚ್ಚು ಕಣ್ಣೀರು ಇರುವುದು ಜಮೀನು ಮಾರಾಟದಲ್ಲಿ. ಗ್ರಾಮೀಣ ಕೃಷಿ ಭೂಮಿಯನ್ನು ಮಾರಿದರೆ ಬಂಡವಾಳ ಗಳಿಕೆಯ ತೆರಿಗೆ ಇಲ್ಲ. ‘ಗ್ರಾಮೀಣ’ ಎಂದರೆ ಯಾವುದು? ಹಸು, ಹೊಲ, ಊರಮ್ಮನ ಗುಡಿ ಇದ್ದರೆ ಸಾಲದು. ಹತ್ತಿರದ ಪೌರಾಡಳಿತ ಸಂಸ್ಥೆಯ ಗಡಿಯಿಂದ ಅಳೆಯಬೇಕು: ಅಲ್ಲಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ 2 ಕಿ.ಮೀ., 10 ಲಕ್ಷದವರೆಗಿದ್ದರೆ 6 ಕಿ.ಮೀ., ಅದಕ್ಕೂ ಹೆಚ್ಚಿದ್ದರೆ 8 ಕಿ.ಮೀ. ಇದರೊಳಗೆ ಬಿದ್ದ ಜಮೀನಿನಲ್ಲಿ ರಾಗಿಯನ್ನೇ ಬೆಳೆದಿದ್ದರೂ ಅದು ನಗರದ ಆಸ್ತಿ. ಹಿಂದೆ ರಸ್ತೆಯ ದೂರ ಹಿಡಿಯಬೇಕೆಂಬ ವಾದಕ್ಕೆ ನ್ಯಾಯಾಲಯಗಳಲ್ಲಿ ಬೆಲೆಯಿತ್ತು. 2013ರ ಹಣಕಾಸು ಕಾಯ್ದೆ ಅದನ್ನು ಮುಗಿಸಿ, ಆಕಾಶಮಾರ್ಗದಲ್ಲೇ ಅಳೆಯಬೇಕೆಂದಿತು. ಅಂದರೆ ಕಾಗೆ ಹಾರುವ ದೂರ.

ಬೆಳಗೊಳದ ಆಸುಪಾಸಿನಲ್ಲಿ ಈ ಕಾಗೆಯ ದಾರಿ ಲಕ್ಷಾಂತರ ರೂಪಾಯಿಗಳ ಪ್ರಶ್ನೆ. ಒಂದು ಕಡೆ ಶ್ರೀರಂಗಪಟ್ಟಣ ಪುರಸಭೆ, ಇನ್ನೊಂದು ಕಡೆ ಮೈಸೂರು ಮಹಾನಗರ ಪಾಲಿಕೆ. ನಡುವೆ 2020ರ ಆಸುಪಾಸಿನಲ್ಲಿ ಹೂಟಗಳ್ಳಿಯೂ ನಗರಸಭೆಯಾಯಿತು. ಒಂದೇ ಊರಿನ ಎರಡು ಸರ್ವೆ ನಂಬರುಗಳಲ್ಲಿ ಒಂದಕ್ಕೆ ತೆರಿಗೆ, ಇನ್ನೊಂದಕ್ಕೆ ಇಲ್ಲ ಎಂಬ ಸ್ಥಿತಿ ಬರಬಹುದು. ತೆರಿಗೆ ಬಿದ್ದರೆ, ಅಪ್ಪನ ಕಾಲದ ಜಮೀನಿಗೆ 2001ರ ಏಪ್ರಿಲ್ 1ರಂದು ಏನು ಬೆಲೆಯಿತ್ತೆಂದು ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಹುಡುಕಬೇಕು. ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ಕೊಂಡರೆ ವಿನಾಯಿತಿಯುಂಟು. ಆದರೆ ಅಣ್ಣತಮ್ಮಂದಿರು ಹಂಚಿಕೊಂಡು, ಮನೆ ಕಟ್ಟಿ, ಮಗಳ ಮದುವೆ ಮುಗಿಸಿದ ಮೇಲೆ ನಮ್ಮಲ್ಲಿಗೆ ಬರುವವರಿಗೆ ಅದನ್ನು ಹೇಳಿ ಏನು ಫಲ? ಇಂಥದ್ದನ್ನು ಕ್ರಯಪತ್ರ ನೋಂದಣಿಗೆ ಮೊದಲೇ ಕನ್ನಡದಲ್ಲಿ ತಿಳಿಸುವ ಒಂದು ಫಲಕ ಉಪನೋಂದಣಿ ಕಚೇರಿಯ ಗೋಡೆಯ ಮೇಲಿರಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಾಗಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಅಂಗೀಕಾರವಾದ ಹೊಸ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನವೆಂದು ಗೊತ್ತುಮಾಡಲಾಯಿತು. ಸೆಕ್ಷನ್‌ಗಳು 819ರಿಂದ 536ಕ್ಕೆ ಇಳಿದಿವೆ. ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಗೊಂದಲದ ಜೋಡಿ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಮಾತು ಬಂದಿದೆ. ಸ್ವಾಗತಿಸಬೇಕಾದ್ದೇ, ಆ ಜೋಡಿಯನ್ನು ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಇದೇ ಉತ್ಸಾಹದಲ್ಲಿ ನೋಟಿಸುಗಳೂ ಕನ್ನಡಕ್ಕೆ ಬಂದರೆ ನಮ್ಮಂಥವರ ವ್ಯಾಪಾರ ಒಂದಷ್ಟು ಕಡಿಮೆಯಾದೀತು. ಆಗಲಿ. ಲೆಕ್ಕ ಬರೆಯುವುದಕ್ಕೆ ಹಣ ತೆಗೆದುಕೊಳ್ಳುವುದಕ್ಕೂ ಭಯ ಬಿಡಿಸುವುದಕ್ಕೆ ಹಣ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಹೊಸ ಕಾಯ್ದೆಯಲ್ಲೂ ಕಾಗೆಯ ದೂರ ಹಾಗೆಯೇ ಉಳಿದಿದೆ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಆದ್ದರಿಂದ 6 ಕಿ.ಮೀ. ಲೆಕ್ಕ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ದಿನ ಗೊತ್ತಾಗಿದೆ. ಅದರ ಅಂಕಿಅಂಶ ಪ್ರಕಟವಾಗಿ, ಸಂಖ್ಯೆ 10 ಲಕ್ಷ ದಾಟಿದ್ದರೆ, ಆರು ಎಂಟಾಗುತ್ತದೆ. ಈವರೆಗೆ ಹಳ್ಳಿಯ ಹೊಲವಾಗಿದ್ದದ್ದು ತಾನು ಒಂದಿಂಚೂ ಅಲುಗದೆ ನಗರಕ್ಕೆ ಸೇರುತ್ತದೆ. ಕಾಲುವೆಯ ಬದಿಯಲ್ಲಿ ಎರಡು ಎಕರೆ ಇರುವ ಹಿರಿಯರೊಬ್ಬರು, ‘ಈಗ್ಲೇ ಮಾರ್ಲಾ, ಇನ್ನೊಂದಷ್ಟು ದಿನ ತಡೀಲಾ?’ ಎಂದು ಕೇಳಿಕೊಂಡು ತಿಂಗಳಿಗೊಮ್ಮೆ ಬರುತ್ತಾರೆ. ಪಾಂಡವಪುರದ ಹುಡುಗಿ ಅವರ ಸರ್ವೆ ನಕ್ಷೆಯನ್ನು ಪರದೆಯ ಮೇಲೆ ತೆರೆದು, ಪಾಲಿಕೆಯ ಗಡಿಯಿಂದ ಗೆರೆ ಎಳೆದು ತೋರಿಸಿದ್ದಾಳೆ. ಆರು ಕಿಲೋಮೀಟರ್ ದಾಟಿ ಮುನ್ನೂರು ಮೀಟರ್ ಆಚೆಗಿದೆ.